ಕೋಲಿ ಮರಿಗೆ ಜಾಮೀನು

ವಾಸಂತಿಯವರ ಮನೆಗೆ ನಾಯಿಮರಿ ಕೇಳಿಕೊಂಡು ಹೋದವರಿಗೆ ಮೊದಲು ಕಾಣಿಸುವುದು ಕುರ್ಚಿ. ತಿರುವನಂತಪುರದಿಂದ ನೆಡುಮಂಗಾಡಿನ ಕಡೆಗೆ ಹೋಗುವಾಗ ವಟ್ಟಪ್ಪಾರದ ಏರಿನ ಮೇಲೆ ಅವರ ಮನೆ. ಜಗಲಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಅವುಗಳ ಎದುರಿಗೆ ಒಂದು ಬೆತ್ತದ್ದು. ಬೆತ್ತದ್ದರಲ್ಲಿ ವಾಸಂತಿ ಕೂರುತ್ತಾರೆ. ಅರ್ಧ ಆಯುಸ್ಸನ್ನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕಳೆದು, ಗಂಡ ತೀರಿಕೊಂಡ ಮೇಲೆ ಸ್ವಯಂ ನಿವೃತ್ತಿ ತೆಗೆದುಕೊಂಡು, ಕೋಲಿ ನಾಯಿಗಳ ಸಹವಾಸಕ್ಕೆ ಬಿದ್ದವರು. ಬ್ಯಾಂಕು ಬಿಟ್ಟರೂ ಬ್ಯಾಂಕಿನ ಬುದ್ಧಿ ಅವರನ್ನು ಬಿಟ್ಟಿರಲಿಲ್ಲ.

ತಂದೆ ತಾಯಿ ಎರಡರ ಕಣ್ಣು, ಸೊಂಟದ ಕೀಲು ಪರೀಕ್ಷೆ ಮಾಡಿಸದೆ ಅವರು ನಾಯಿಗಳನ್ನು ಕೂಡಿಸುತ್ತಿರಲಿಲ್ಲ. ವರ್ಷಕ್ಕೆ ಒಂದೇ ಸೂಲು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸುವ ಮಾತೇ ಇಲ್ಲ. ಬಂದವರಿಗೆ ಮೊದಲ ಅರ್ಧ ಗಂಟೆ, ಈ ನಾಯಿ ನಿಮಗೆ ಏಕೆ ಬೇಡ ಎಂಬುದನ್ನೇ ಹೇಳುತ್ತಿದ್ದರು. ಸ್ಕಾಟ್ಲೆಂಡಿನ ಚಳಿಗೆ ಹೊಲಿದ ಕೋಟು ಇದು, ಕೇರಳದ ಸೆಕೆಗೆ ಏದುಸಿರು ಬಿಡುತ್ತದೆ. ಸೆಕೆಯೆಂದು ಕೂದಲು ಬೋಳಿಸಿದಿರೋ ಚರ್ಮ ಸುಟ್ಟುಹೋಗುತ್ತದೆ. ಉಣ್ಣಿ ಹತ್ತಿತೆಂದು ಬೇರೆ ನಾಯಿಗಳಿಗೆ ಕೊಡುವ ಇಂಜೆಕ್ಷನ್ ಕೊಡಿಸಿದಿರೋ ಸತ್ತೇ ಹೋಗಬಹುದು. ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಬೊಗಳಿ ಬೊಗಳಿ ಫ್ಲ್ಯಾಟಿನವರನ್ನೆಲ್ಲ ಎಬ್ಬಿಸುತ್ತದೆ. ಇಷ್ಟು ಕೇಳಿಯೂ ಕುರ್ಚಿ ಬಿಟ್ಟೇಳದವರಿಗೆ ಕೊನೆಯ ಷರತ್ತು ಬರುತ್ತಿತ್ತು.

“ಜಾಮೀನು ಯಾರು ನಿಲ್ತಾರೆ?”

ಅದು ಅವರದೇ ಕ್ರಮ, ಬೇರೆಲ್ಲೂ ಇರಲಿಕ್ಕಿಲ್ಲ. ಒಯ್ಯುವವರಿಗೆ ನಾಳೆ ಕಾಯಿಲೆಯಾಗಬಹುದು, ವರ್ಗವಾಗಬಹುದು, ಮನಸ್ಸೇ ಬದಲಾಗಬಹುದು. ಆಗ ನಾಯಿಯನ್ನು ತನ್ನದೆಂದು ಒಪ್ಪಿಕೊಳ್ಳುವ ಇನ್ನೊಬ್ಬರು ಬೇಕು. ಅವರು ಖುದ್ದಾಗಿ ಬರಬೇಕು, ಅವರ ಜೊತೆ ವಾಸಂತಿ ಒಬ್ಬರೇ ಕೂತು ಮಾತಾಡಬೇಕು.

ಇಂಚರಾಳಿಗೆ ಈ ಷರತ್ತು ಫೋನಿನಲ್ಲಿ ಬಂತು. ಕೊಚ್ಚಿಯ ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ಅವಳು ಲ್ಯಾಪ್‌ಟಾಪ್ ಎದುರಿಗೆ ಕೂತಿದ್ದಳು. ಆಫೀಸಿನ ಮೀಟಿಂಗ್ ನಡೆಯುತ್ತಿತ್ತು.

“ಕೌಶಿಕ್ ಇದ್ದಾರಾ? ಮರಿಗೆ ಹೆಸರು ಬರೆಸಿದ್ರು, ಅವರ ಸರದಿ ಬಂದಿದೆ. ಈ ಸೂಲಲ್ಲಿ ಒಂದು ಗಂಡು ಮರಿ ಅವರಿಗೆ ಅಂತ ಇಟ್ಟಿದ್ದೇನೆ.”

“ಅವರಿಲ್ಲ.”

“ಯಾವಾಗ ಸಿಗ್ತಾರೆ?”

“ತೀರಿಹೋದ್ರು. ಹೋದ ವರ್ಷ. ವಲ್ಲಾರ್ಪಾಡಂ ಹತ್ತಿರ ರಸ್ತೆಯಲ್ಲಿ ಲಾರಿ ನಿಂತಿತ್ತು. ಬೈಕ್ ಹೋಗಿ ಹೊಡೀತು.”

ಇಷ್ಟನ್ನು ಅವಳು ಎಷ್ಟೋ ಸಲ ಹೇಳಿದ್ದಳು. ಕೊರಿಯರ್‌ನವನಿಗೆ, ಗ್ಯಾಸ್ ಏಜೆನ್ಸಿಗೆ, ವಿಮೆಯವರಿಗೆ. ಮನೆಯ ವಿಳಾಸ ಹೇಳುವಂತೆ ಬಾಯಿ ತಾನಾಗಿ ಹೇಳಿ ಮುಗಿಸುತ್ತಿತ್ತು.

ಆ ಕಡೆಯಿಂದ ವಾಸಂತಿ, “ಹಾಗಾದ್ರೆ ಹೆಸರು ತೆಗೆಯಲಾ?” ಎಂದರು. ಅಯ್ಯೋ ಪಾಪ ಎನ್ನಲಿಲ್ಲ, ಹೇಗಿದ್ದೀಯಮ್ಮಾ ಎನ್ನಲಿಲ್ಲ. ಅದೊಂದೇ ಕಾರಣಕ್ಕೆ ಇಂಚರಾಳಿಗೆ ಅವರು ಹಿಡಿಸಿದರು.

“ಬೇಡ ಮೇಡಂ. ಮರಿ ನನಗೆ ಬೇಕು.”

ಹಾಗೆಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಒಂದು ವರ್ಷದಿಂದ ಅವಳು ಏನನ್ನೂ ಬೇಕು ಎಂದಿರಲಿಲ್ಲ. ಊಟವನ್ನೂ ಅಷ್ಟೆ, ಯಾರಾದರೂ ಎದುರಿಗಿಟ್ಟರೆ ತಿನ್ನುತ್ತಿದ್ದಳು. ಗಂಡನ ನೆನಪಿಗೆಂದು ಮರಿ ಬೇಕಾಗಿರಲಿಲ್ಲ. ನೆನಪಿಗೆ ಆ ಫ್ಲ್ಯಾಟಿನಲ್ಲಿ ಏನೂ ಕೊರತೆಯಿರಲಿಲ್ಲ, ಸ್ನಾನದ ಮನೆಯ ಕೊಕ್ಕೆಯಲ್ಲಿ ಅವನ ಟವೆಲ್ ಇನ್ನೂ ಇತ್ತು. ಅವಳಿಗೆ ಬೇಕಾಗಿದ್ದದ್ದು, ಹೇಗಿದ್ದೀಯಾ ಎಂದು ಕೇಳದೆ, ಹಸಿವಾಗಿದೆ ಎದ್ದೇಳು ಎಂದು ಎಬ್ಬಿಸುವ ಒಂದು ಜೀವ.

ಜಾಮೀನಿಗೆ ಜನ ಸಿಗಲಿಲ್ಲ. ಆಫೀಸಿನ ಗೆಳತಿ ಹರ್ಷಿತಾ, “ನಂಗೆ ನಾಯಿ ಕೂದಲು ಅಂದ್ರೆ ಸೀನು ಕಣೇ, ಬೇರೇನಾದ್ರೂ ಕೇಳು, ಕಿಡ್ನಿ ಕೊಡ್ತೀನಿ” ಎಂದಳು. ಮೈಸೂರಿನ ಅಪ್ಪನನ್ನು ವಾಸಂತಿ ಒಪ್ಪಲಿಲ್ಲ. ಅಷ್ಟು ದೂರದವರು ಬೇಡ, ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ನಾಯಿಯ ಹತ್ತಿರ ಇರಬೇಕು. ಕೊನೆಗೆ ಉಳಿದವರು ತಿರುವನಂತಪುರದ ಪೂಜಪ್ಪುರದಲ್ಲಿದ್ದ ಅತ್ತೆ, ಮಾವ.

ಮಾವ ನಿತ್ಯಾನಂದರು ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದು ನಿವೃತ್ತರಾದವರು. ಮಗ ಹೋದ ಮೇಲೆ ಮಾತು ಕಡಿಮೆ ಮಾಡಿ, ಟಿವಿಯ ಸದ್ದು ಜಾಸ್ತಿ ಮಾಡಿದ್ದರು. ಅತ್ತೆ ಜಲಜಾ ಗಡಿನಾಡಿನ ಕುಂಬಳೆಯ ಕಡೆಯವರು. ಆದಿತ್ಯವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಆ ಫೋನಿನಲ್ಲಿ ಅಡುಗೆ ಏನು, ಸೆಕೆ ಹೇಗೆ ಎಂಬೆರಡು ವಿಷಯ ಬಿಟ್ಟರೆ ಮೂರನೆಯದು ಬರುತ್ತಿರಲಿಲ್ಲ. ಇಬ್ಬರೂ ಅಳುತ್ತಿರಲಿಲ್ಲ. ಇವಳು ಅಳುವುದಿಲ್ಲವೆಂದು ಅವರಿಗೂ, ಅವರು ಅಳುವುದಿಲ್ಲವೆಂದು ಇವಳಿಗೂ ಒಳಗೊಳಗೇ ಒಂದು ಅಸಮಾಧಾನ.

“ಎಂತ ಜಾಮೀನು? ನಾಯಿಗೆ?” ಎಂದರು ಜಲಜಾ. “ಅದೆಂತ ಕೊಲೆ ಮಾಡಿ ಜೈಲಲ್ಲಿ ಉಂಟಾ?”

“ಸುಮ್ನೆ ಫಾರ್ಮಾಲಿಟಿ ಅತ್ತೆ. ಆ ಮೇಡಂ ಹಾಗೆ. ನೀವು ಬಂದು ಹೂಂ ಅಂದ್ರೆ ಸಾಕು.”

“ಕೌಶಿಕ ಬುಕ್ ಮಾಡಿದ್ದಾ ಅದು?”

“ಹೂಂ.”

“ನಮಗೆ ಹೇಳ್ಲೇ ಇಲ್ಲ ಅವ,” ಎಂದರು. “ಬರ್ತೇನೆ.”

ಫಾರ್ಮಾಲಿಟಿ ಎಂಬ ಮಾತೇ ತಪ್ಪಾದದ್ದು. ಆಫೀಸುಗಳಲ್ಲಿ ಬೆಳೆದವರಿಗೆ ಜಾಮೀನೆಂದರೆ ಪಕ್ಕದ ಮೇಜಿನವನು ತಲೆಯೆತ್ತದೆ ಹಾಕುವ ಒಂದು ಸಹಿ. ಇಂಚರಾ ಅದನ್ನು ಹಾಗೆಯೇ ತಿಳಿದಿದ್ದಳು. ಬ್ಯಾಂಕಿನ ಸಾಲ ವಿಭಾಗದವರು ಹಾಗೆ ತಿಳಿಯುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಯೂ ತಿಳಿಯಲಿಲ್ಲ.

ಆ ಆದಿತ್ಯವಾರ ಬೆಳಗಿನ ರೈಲಿಗೆ ಇಂಚರಾ ತಿರುವನಂತಪುರಕ್ಕೆ ಹೋದಳು. ಪೂಜಪ್ಪುರದಲ್ಲಿ ಅತ್ತೆಯನ್ನು ಹತ್ತಿಸಿಕೊಂಡು ಟ್ಯಾಕ್ಸಿ ವಟ್ಟಪ್ಪಾರದ ಏರು ಹತ್ತಿತು. ಜಲಜಾ ಒಳ್ಳೆಯ ಸೀರೆ ಉಟ್ಟಿದ್ದರು. ಮಡಿಲಲ್ಲಿ ಒಂದು ಬಟ್ಟೆಯ ಚೀಲ.

“ಅದರಲ್ಲೇನು ಅತ್ತೆ?”

“ಹಳೇ ಬೆಡ್‌ಶೀಟು. ಮರಿಗೆ ಮಲಗ್ಲಿಕ್ಕೆ.”

“ರೈಲಲ್ಲಿ ಬುಟ್ಟಿಯೊಳಗೇ ಇರುತ್ತೆ. ನಾನು ತಂದಿದ್ದೀನಿ.”

“ಇರ್ಲಿ,” ಎಂದರು ಜಲಜಾ.

ವಾಸಂತಿಯವರ ಅಂಗಳಕ್ಕೆ ಫಿನಾಯಿಲ್ ವಾಸನೆ. ತಾಯಿನಾಯಿ ಗೇಟಿನವರೆಗೆ ಬಂದು ಇಬ್ಬರನ್ನೂ ಮೂಸಿ, ಜಲಜಾರ ಸೀರೆಯ ನೆರಿಗೆಯ ಹತ್ತಿರ ಎರಡನೆಯ ಸಲ ಮೂಸಿತು. ಒಳಗೆ ಫ್ಯಾನಿನಡಿ ಜಾಲರಿಯ ಹಿಂದೆ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಅವುಗಳನ್ನು ನೋಡಲು ಬಗ್ಗಿದ ಇಂಚರಾಳಿಗೆ ವಾಸಂತಿ, “ಮೊದಲು ಕೂತುಕೊಳ್ಳಿ” ಎಂದರು.

ಪ್ರಶ್ನೆಗಳು ಶುರುವಾದವು. ಫ್ಲ್ಯಾಟು ಎಷ್ಟನೇ ಮಹಡಿ? ಹತ್ತಿರದಲ್ಲಿ ನಾಯಿ ಡಾಕ್ಟರು ಎಲ್ಲಿ? ಆಫೀಸಿಗೆ ವಾರದಲ್ಲಿ ಎಷ್ಟು ದಿನ ಹೋಗಬೇಕು? ಹೋದ ದಿನ ಮರಿಯ ಜೊತೆ ಯಾರು? ಕೆಲಸದವಳು ಇರುತ್ತಾಳೆಂದು ಇಂಚರಾ ಹೇಳಿದಳು. ಕೆಲಸದವಳಿಗೆ ನಾಯಿಯೆಂದರೆ ಹೆದರಿಕೆ ಇದೆಯೇ ಎಂದರು. ಕೇಳಿಲ್ಲ ಎಂದಳು. “ಕೇಳದೆ ಬಂದಿದ್ದೀರಿ,” ಎಂದರು ವಾಸಂತಿ. ಬೈಗುಳದ ಧಾಟಿಯಲ್ಲ, ಕಡತದಲ್ಲಿ ಒಂದು ಸಾಲು ಸೇರಿಸಿದ ಹಾಗೆ.

ಅಷ್ಟರಲ್ಲಿ ಜಲಜಾ ನಡುವೆ ಬಾಯಿ ಹಾಕಿ, “ನಿಮಗೆ ಕನ್ನಡ ಬರುವುದು ಹೇಗೆ?” ಎಂದರು.

“ಬರದೆ ಎಂತ? ನಮ್ಮದು ಉಪ್ಪಳ.”

“ಉಪ್ಪಳವಾ? ನಮ್ಮದು ಕುಂಬಳೆ ಮಾರಾಯ್ರೆ!”

ವಾಸಂತಿಯವರ ಬೆನ್ನು ಮೊದಲ ಸಲ ಬೆತ್ತದ ಕುರ್ಚಿಗೆ ಒರಗಿತು. ಅದುವರೆಗೆ ಪುಸ್ತಕದ ಕನ್ನಡ ಆಡುತ್ತಿದ್ದವರ ಬಾಯಿಯಲ್ಲಿ ಊರಿನ ಮಾತು ಬಂತು. ಕುಂಬಳೆಯ ಯಾವ ಮನೆ, ಆ ಶಾಲೆಯಲ್ಲಿ ಗಣಿತದ ಮಾಷ್ಟ್ರು ಯಾರು, ಅವರ ತಂಗಿಯನ್ನು ಮಂಜೇಶ್ವರಕ್ಕೆ ಕೊಟ್ಟದ್ದಲ್ಲವಾ. ಒಳಗಿನಿಂದ ಹಾಲಿಲ್ಲದ ಕಟ್ಟನ್ ಚಹಾ ಬಂತು, ಬಾಳೆಹಣ್ಣು ಕರಿದ ಪಳಂಪೊರಿ ಬಂತು. ಇಂಚರಾಳ ಕೈಗೂ ಒಂದು ಲೋಟ ಬಂತು.

“ಸೊಸೆ ಘಟ್ಟದ ಮೇಲಿನವಳಾ?” ಎಂದು ವಾಸಂತಿ ಅವಳ ಎದುರಿಗೇ ಕೇಳಿದರು.

“ಮೈಸೂರು. ಒಳ್ಳೆ ಹುಡುಗಿ. ಮಾತು ಕಡಿಮೆ,” ಎಂದರು ಜಲಜಾ.

ಆಮೇಲೆ ಜಾಲರಿ ತೆಗೆದರು. ಮರಿಗಳು ಚೆಲ್ಲಿದಂತೆ ಹೊರಗೆ ಬಂದವು. ವಾಸಂತಿ ತೋರಿಸಿದ ಗಂಡು ಮರಿ ಜೇನಿನ ಬಣ್ಣದ್ದು, ಕುತ್ತಿಗೆ ಸುತ್ತ ಬಿಳಿ. ಉದ್ದ ಮೂತಿ ಇನ್ನೂ ಸರಿಯಾಗಿ ಉದ್ದವಾಗಿರಲಿಲ್ಲ. ಅದು ಇಂಚರಾಳ ಹತ್ತಿರ ಬಂದು ಚಪ್ಪಲಿಯ ಪಟ್ಟಿಯನ್ನು ಕಚ್ಚಿ ಎಳೆಯತೊಡಗಿತು. ಎಳೆದು ಸೋತು ಅದೇ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿತು. ಪಾದಕ್ಕೆ ಅದರ ಹೊಟ್ಟೆಯ ಬಿಸಿ ತಾಗುತ್ತಿತ್ತು. ಇಂಚರಾ ಕಾಲು ಅಲ್ಲಾಡಿಸಲಿಲ್ಲ. ಜೋಮು ಹಿಡಿದರೂ ಅಲ್ಲಾಡಿಸಲಿಲ್ಲ. ಇದು ನನ್ನದು ಎಂದು ಯಾರಿಗೂ ಕೇಳದಂತೆ ತನಗೇ ಹೇಳಿಕೊಂಡಳು.

“ಈಗ ನಾನು ಜಾಮೀನಿನವರ ಹತ್ತಿರ ಮಾತಾಡಬೇಕು,” ಎಂದರು ವಾಸಂತಿ. “ನೀವು ಸ್ವಲ್ಪ ಹಿಂದಿನ ಕಡೆ ಕೂತುಕೊಳ್ಳಿ.”

ಹಿಂದಿನ ಕಡೆ ಅಡುಗೆಮನೆಯ ಮೆಟ್ಟಿಲು. ಅಲ್ಲಿ ಕೂತರೆ ಕಿಟಕಿಯಿಂದ ಜಗಲಿಯ ಮಾತು ಒಂದಕ್ಷರ ಬಿಡದೆ ಕೇಳುತ್ತದೆ. ವಾಸಂತಿಯವರಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೇ ಅಲ್ಲಿ ಕೂರಿಸುತ್ತಿದ್ದರೋ ತಿಳಿಯದು. ಇಂಚರಾ ಮೆಟ್ಟಿಲಿನ ಮೇಲೆ ಕೂತು, ಅತ್ತೆ ಹೂಂ ಎನ್ನುವುದನ್ನು ಕಾದಳು.

“ಅವಳಿಗೆ ಇಪ್ಪತ್ತೊಂಬತ್ತು,” ಎಂದಿತು ಜಲಜಾರ ದನಿ. “ಇನ್ನೆಷ್ಟು ದಿನ ಒಬ್ಬಳೇ ಇರ್ತಾಳೆ ಹೇಳಿ. ಅವಳ ಅಪ್ಪ ನನಗೆ ಫೋನು ಮಾಡಿದ್ರು. ಒಬ್ಬ ಹುಡುಗ ಇದ್ದಾನಂತೆ ಬೆಂಗಳೂರಲ್ಲಿ. ನೋಡಿ ಅಂತ ನಾನೇ ಹೇಳಿದೆ. ಅವಳಿಗೆ ಇದೆಲ್ಲ ಗೊತ್ತಿಲ್ಲ.”

“ಮದುವೆಯಾದ್ರೆ ನಾಯಿ?”

“ನನ್ನ ಹತ್ತಿರ ಬರ್ತದೆ. ಮತ್ತೆ ನಾನು ಯಾಕೆ ಬಂದದ್ದು? ಈ ಮೊಣಕಾಲು ಹಿಡ್ಕೊಂಡು ಹೂಂ ಅನ್ಲಿಕ್ಕಾ?”

“ಅಂದ್ರೆ ಅವರು ಸಾಕುವುದಿಲ್ಲ ಅಂತ ನಿಮ್ಮ ಲೆಕ್ಕ.”

“ಸಾಕ್ತಾಳೆ. ಎರಡು ವರ್ಷ ಸಾಕ್ತಾಳೆ. ಆಮೇಲೆ ಅವಳದ್ದೇ ಜೀವನ ಅಲ್ವಾ? ನನಗೆ ಸಿಟ್ಟಿಲ್ಲ ಅವಳ ಮೇಲೆ.” ಲೋಟ ಕೆಳಗಿಟ್ಟ ಸದ್ದು. “ಅವಳಿಗೆ ಇನ್ನೊಬ್ಬ ಗಂಡ ಸಿಗ್ತಾನೆ. ನನಗೆ ಇನ್ನೊಬ್ಬ ಮಗ ಸಿಗ್ಲಿಕ್ಕುಂಟಾ? ಅವನದ್ದು ಅಂತ ಒಂದು ಶರಟು ಸಹ ನನ್ನ ಹತ್ತಿರ ಇಲ್ಲ. ಎಲ್ಲ ಅವಳ ಫ್ಲ್ಯಾಟಲ್ಲಿ ಉಂಟು. ಕೇಳ್ಲಿಕ್ಕೆ ನಾಚಿಕೆ.”

ಇಂಚರಾ ಎದುರಿನ ತೆಂಗಿನ ಬುಡಕ್ಕೆ ಹಾಕಿದ್ದ ಮೀನಿನ ಮುಳ್ಳುಗಳನ್ನು ನೋಡುತ್ತಿದ್ದಳು. ಒಂದು ಶರಟು ಕೇಳಿದ್ದರೆ ಅವಳು ಕೊಡುತ್ತಿದ್ದಳು. ಬಹುಶಃ ಒಗೆದು ಕೊಡುತ್ತಿದ್ದಳು. ಒಗೆದದ್ದು ಅವರಿಗೆ ಬೇಕಿರಲಿಲ್ಲವೆಂದು ಈಗ ತಿಳಿಯಿತು, ಏಕೆಂದರೆ ಅವನ ವಾಸನೆಯಿರುವ, ಒಗೆಯದ ಶರಟನ್ನು ಅವಳೂ ಯಾರಿಗೂ ಕೊಡುತ್ತಿರಲಿಲ್ಲ.

ಜಗಲಿಗೆ ಕರೆದರು. ವಾಸಂತಿ ಸುತ್ತಿ ಬಳಸಿ ಮಾತಾಡುವವರಲ್ಲ.

“ನೋಡಿ ಇಂಚರಾ, ನಾನು ಯಾವಾಗಲೂ ಕೇಳಿಕೊಳ್ಳುವುದು ಒಂದೇ. ಮರಿ ಎಲ್ಲಿ ಚೆನ್ನಾಗಿರ್ತದೆ? ನಿಮ್ಮದು ಒಂಬತ್ತನೇ ಮಹಡಿ. ನೀವು ಒಬ್ಬರು. ಇವರ ಮನೆ ನೆಲದ ಮೇಲೆ ಉಂಟು, ಅಂಗಳ ಉಂಟು, ಇಡೀ ದಿನ ಇಬ್ಬರು ಮನೆಯಲ್ಲಿ. ಮರಿಯನ್ನು ನಿಮಗೆ ಕೊಟ್ಟು ಎರಡು ವರ್ಷದ ನಂತರ ಅಲ್ಲಿಂದ ಕಿತ್ತು ಇವರಿಗೆ ಕೊಡುವುದು ಅಂದ್ರೆ ಈ ಜಾತಿಗೆ ಅದು ಆಗುವುದಿಲ್ಲ. ಇವು ಒಬ್ಬರಿಗೆ ಹೊಂದಿಕೊಂಡರೆ ಮುಗಿಯಿತು. ಹಾಗಾಗಿ ಈಗಲೇ ಇವರಿಗೇ ಕೊಡ್ತೇನೆ.”

“ಬುಕ್ ಮಾಡಿದ್ದು ನನ್ನ ಗಂಡ, ಮೇಡಂ.”

“ಹೌದು, ನನ್ನ ಮಗ,” ಎಂದರು ಜಲಜಾ. ಜಗಳಕ್ಕೆ ಹೇಳಿದ್ದಲ್ಲ. ಇಂಚರಾ ಬಿಟ್ಟ ಮಾತನ್ನು ಪೂರ್ತಿ ಮಾಡಿದ ಹಾಗಿತ್ತು.

“ನೀವು ಹೂಂ ಅನ್ನೋಕೆ ಬಂದಿದ್ರಿ ಅತ್ತೆ.”

“ನಾನು ಕೇಳ್ಲಿಲ್ಲ ಮಗಾ. ಅವರೇ ಹೇಳಿದ್ದು.”

“ಬೇಡ ಅನ್ನಬಹುದಿತ್ತಲ್ಲ.”

ಜಲಜಾ ಬೇಡ ಎನ್ನಲಿಲ್ಲ. ಬಟ್ಟೆಯ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಮರಿ ಇಬ್ಬರ ನಡುವೆ ಕೂತು ತನ್ನ ಬಾಲವನ್ನೇ ನೋಡಿಕೊಳ್ಳುತ್ತಿತ್ತು.

“ಆದರೆ ನಿಮಗೂ ಜಾಮೀನು ಬೇಕು ಜಲಜಾ,” ಎಂದರು ವಾಸಂತಿ. “ಇದು ಹನ್ನೆರಡು ಹದಿಮೂರು ವರ್ಷ ಬದುಕುವ ಪ್ರಾಣಿ. ನಿಮಗೆ ಅರವತ್ತು ದಾಟಿದೆ, ನಿಮ್ಮ ಯಜಮಾನರಿಗೆ ಇನ್ನೂ ಹೆಚ್ಚು. ನೀವಿಬ್ಬರೂ ಹೋದ ಮೇಲೆ ಯಾರು? ಜಾಮೀನಿಲ್ಲದೆ ನಾನು ನನ್ನ ಸ್ವಂತ ಅಕ್ಕನಿಗೂ ಕೊಟ್ಟಿಲ್ಲ. ಇಲ್ಲದಿದ್ದರೆ ಕೋಟ್ಟಯಂನವರೊಬ್ಬರು ಕಾಯ್ತಿದ್ದಾರೆ.”

ಜಲಜಾ ಸೊಸೆಯ ಕಡೆ ನೋಡಿದರು. ಅವರಿಗೆ ಬೇರೆ ಯಾರೂ ಇರಲಿಲ್ಲ. ಇದ್ದ ಒಬ್ಬ ಮಗ, ಅವನಿಂದ ಬಂದ ಒಬ್ಬಳು ಸೊಸೆ. ಸೊಸೆ ಇಲ್ಲ ಎಂದರೆ ಮರಿ ಸಂಜೆಯೊಳಗೆ ಕೋಟ್ಟಯಂನವರದ್ದಾಗುತ್ತದೆ. ಇಲ್ಲ ಎನ್ನುವ ಮಾತು ಇಂಚರಾಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಇಬ್ಬರೂ ಸಮ, ಇಬ್ಬರಿಗೂ ಏನೂ ಇಲ್ಲ. ಅದರಲ್ಲಿ ಒಂದು ಸುಖ ಇರುವುದೂ ಕಾಣುತ್ತಿತ್ತು.

“ನಿಲ್ತೀನಿ,” ಎಂದಳು.

“ಹಾಗಾದ್ರೆ ಕ್ರಮ ಕ್ರಮವೇ,” ಎಂದು ವಾಸಂತಿ ಜಲಜಾರ ಕಡೆ ತಿರುಗಿದರು. “ನೀವು ಸ್ವಲ್ಪ ಹಿಂದೆ ಕೂತುಕೊಳ್ಳಿ.”

ಜಲಜಾ ಮೊಣಕಾಲು ಹಿಡಿದು ಎದ್ದು ಅಡುಗೆಮನೆ ದಾಟಿ ಹೋದರು. ಮೆಟ್ಟಿಲಿನ ಮೇಲೆ ಅವರು ಉಸ್ಸೆಂದು ಕೂತ ಸದ್ದು ಜಗಲಿಗೆ ಸ್ಪಷ್ಟವಾಗಿ ಕೇಳಿತು.

“ನಿಮಗೆ ಮದುವೆಯಾಗುವ ಯೋಚನೆ ಉಂಟಾ?” ಎಂದರು ವಾಸಂತಿ.

“ಇಲ್ಲಿಗೆ ಬರೋವರೆಗೆ ಅಂಥ ಮಾತೇ ಗೊತ್ತಿರ್ಲಿಲ್ಲ.”

“ಮುಂದೆ ಆದ್ರೆ, ಆ ಮನೆಯವರು ನಾಯಿ ಬೇಡ ಅಂದ್ರೆ?”

“ಬೇಡ ಅನ್ನೋ ಮನೆಗೆ ನಾನು ಹೋಗಲ್ಲ.”

“ಎಲ್ಲರೂ ಹಾಗೆ ಹೇಳ್ತಾರೆ.”

“ನಿಮಗೆ ಬೇಕಾದ ಉತ್ತರ ನೀವೇ ಹೇಳಿಬಿಡಿ, ಅದನ್ನೇ ಹೇಳ್ತೀನಿ.”

ವಾಸಂತಿ ಕನ್ನಡಕದ ಮೇಲಿನಿಂದ ನೋಡಿದರು. “ಇಷ್ಟು ಸಿಟ್ಟಿಟ್ಟುಕೊಂಡು ಯಾಕೆ ಜಾಮೀನು ನಿಲ್ತೀರಿ?”

ಇಂಚರಾ ಕಿಟಕಿಯ ಕಡೆ ನೋಡಿದಳು. ದನಿಯನ್ನು ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

“ಅತ್ತೆ ಹೋದ ಮೇಲೆ ಇದು ನನಗೆ ಬರುತ್ತಲ್ಲ ಮೇಡಂ. ಅಲ್ಲೀವರೆಗೆ ಕಾಯ್ತೀನಿ.”

ಹಿಂದಿನ ಮೆಟ್ಟಿಲಿನ ಹತ್ತಿರ ಒಂದು ಕಾಗೆ ಮೀನಿನ ಮುಳ್ಳಿಗೆ ಬಂದು ಕೂಗಿತು, ಅದನ್ನು ಯಾರೂ ಓಡಿಸಲಿಲ್ಲ.

ವಾಸಂತಿ ಜಾಮೀನಿನ ಕಾಗದವನ್ನು ಅವಳ ಮುಂದಿಟ್ಟರು. “ಸಾಲ ವಿಭಾಗದಲ್ಲಿ ಇಷ್ಟು ನಿಜ ಹೇಳಿದ ಜಾಮೀನುದಾರರನ್ನು ನಾನು ನೋಡಿಲ್ಲ,” ಎಂದು ಸಹಿ ಮಾಡುವ ಜಾಗ ತೋರಿಸಿದರು. ಇಂಚರಾ ಮಾಡಿದಳು.

ಹೊರಡುವಾಗ ವಾಸಂತಿ ತಾಯಿನಾಯಿಯ ಮೈಗೆ ಒಂದು ಟವೆಲ್ ಉಜ್ಜಿ, ವಾಸನೆ ಇರಲಿ ಎಂದು ಮರಿಗೆ ಸುತ್ತಿಕೊಟ್ಟರು. ಇಂಚರಾ ತಂದಿದ್ದ ಬುಟ್ಟಿಯಲ್ಲೇ ಮರಿಯನ್ನು ಕೂರಿಸಿದರು. ಜಲಜಾ ಅದರ ತಳಕ್ಕೆ ತಮ್ಮ ಬೆಡ್‌ಶೀಟನ್ನು ಮಡಿಸಿ ಹಾಸಿದರು. ಟ್ಯಾಕ್ಸಿ ಇಳಿಜಾರು ಇಳಿಯುವಾಗ ಮರಿ ಅಳತೊಡಗಿತು. ಅವರು ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಒಳ್ಳೆಯ ಸೀರೆಯ ಮೇಲೆ ಅದು ಉಚ್ಚೆ ಹೊಯ್ದಿತು. “ಹೊಯ್ಯಿ, ಹೊಯ್ಯಿ,” ಎಂದರು.

ಮೆಟ್ಟಿಲಿನಲ್ಲಿ ಕೂತು ಕೇಳಿದ ಮಾತನ್ನು ಜಲಜಾ ಎತ್ತಲಿಲ್ಲ. ತಾನು ಕೇಳಿದ್ದನ್ನು ಇವಳೂ ಎತ್ತಲಿಲ್ಲ. ಕೇಶವದಾಸಪುರದ ಸಿಗ್ನಲಿನಲ್ಲಿ ನಿಂತಾಗ ಜಲಜಾ ಹೊರಗೆ ನೋಡುತ್ತಲೇ ಕೇಳಿದರು.

“ಇದಕ್ಕೆ ಅವ ಹೆಸರು ಎಂತಾದ್ರೂ ಯೋಚಿಸಿದ್ದನಾ?”

ಯೋಚಿಸಿದ್ದ. ಸರದಿಗೆ ಹೆಸರು ಬರೆಸಿದ ದಿನವೇ ಮರಿಯ ಹೆಸರೂ ನಿಶ್ಚಯವಾಗಿತ್ತು. ಅವನು ಅದನ್ನು ಹಜಾರದಲ್ಲಿ ನಿಂತು, ಇಲ್ಲದ ನಾಯಿಯನ್ನು ಕರೆಯುವಂತೆ ಗಟ್ಟಿಯಾಗಿ ಕೂಗಿ ನೋಡಿದ್ದ. ಆ ಹೆಸರು ಈಗ ಭೂಮಿಯ ಮೇಲೆ ಒಬ್ಬಳ ಹತ್ತಿರ ಮಾತ್ರ ಇತ್ತು.

“ಇಲ್ಲ,” ಎಂದಳು ಇಂಚರಾ.

“ಎಂತದೂ ಇಲ್ವಾ?”

“ಇಲ್ಲ ಅತ್ತೆ.”

ಸಿಗ್ನಲು ಬಿಟ್ಟಿತು. ಸ್ವಲ್ಪ ದೂರ ಹೋದ ಮೇಲೆ ಜಲಜಾ, “ಸುಳ್ಳು ಹೇಳ್ತಿದ್ದಿ ಅಲ್ವಾ ನೀನು,” ಎಂದರು.

“ಹೂಂ.”

ಜಲಜಾ ತಲೆಯಾಡಿಸಿದರು. ನಿದ್ದೆಗೆ ಬಿದ್ದ ಮರಿಯ ಕಿವಿಯನ್ನು ಎರಡು ಬೆರಳಿನಲ್ಲಿ ಸವರುತ್ತ, “ಕುಟ್ಟು ಅಂತ ಕರಿತೇನೆ ನಾನು,” ಎಂದರು. ಯಾರ ಒಪ್ಪಿಗೆಯನ್ನೂ ಕೇಳಿದ ಹಾಗಿರಲಿಲ್ಲ.

ತಂಪಾನೂರಿನ ರೈಲ್ವೆ ಸ್ಟೇಷನ್ನಿನ ಎದುರು ಇಂಚರಾ ಇಳಿದಳು. ಬೆಳಿಗ್ಗೆ ಬರುವಾಗ ಕೈಯಲ್ಲಿ ಬುಟ್ಟಿಯಿತ್ತು, ಈಗ ಬರಿಗೈ. ಮುಂದಿನ ಸಲ ಯಾವಾಗ ಬರುತ್ತೀ ಎಂದು ಜಲಜಾ ಕೇಳಲಿಲ್ಲ. ಜಾಮೀನು ನಿಂತವರು ತಿಂಗಳಿಗೊಮ್ಮೆ ಹೋಗಿ ನಾಯಿಯನ್ನು ಕಣ್ಣಾರೆ ನೋಡಿ ಬರಬೇಕೆಂದು ವಾಸಂತಿ ಷರತ್ತು ಹಾಕಿದ್ದರು. ಇನ್ನು ಹನ್ನೆರಡು ವರ್ಷ, ದೇವರು ಆಯುಸ್ಸು ಕೊಟ್ಟರೆ ಹದಿಮೂರು, ಭೇಟಿಯಾಗಲು ಇಬ್ಬರೂ ಪರಸ್ಪರ ಕರೆಯುವ ಅಗತ್ಯವಿರಲಿಲ್ಲ.